ಖಾಲಿ ಬಿಟ್ಟ ನಾಲ್ಕನೇ ಬದಿ

ಮಾರ್ಚ್ ೧೪, ಭಾನುವಾರ

ತಮ್ಮಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಅದು ನಿನಗೆ ಕಾಣಲಿ ಎಂದೇ ಹೊಸ ಹಾಳೆ ತೆಗೆದುಕೊಳ್ಳಲಿಲ್ಲ. ನಿನ್ನ ಪಾರ್ಸೆಲ್ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತು, ಕ್ಷಮಿಸು. ಬರೆದೆ, ಹರಿದೆ, ಮತ್ತೆ ಬರೆದೆ, ಮತ್ತೆ ಹರಿದೆ. ಅವುಗಳಲ್ಲಿದ್ದ ಬೈಗುಳ ಓದಿ ನನಗೇ ಹೇಸಿಗೆಯಾಯಿತು. ಇದರಲ್ಲಿ ಸ್ವಲ್ಪ ಕಡಿಮೆ ಮಾಡಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ನನ್ನ ಡ್ರೈವಿಂಗ್ ಸ್ಕೂಲ್ ನಡೆಯುತ್ತಿದೆ. ದಿನವಿಡೀ “ಬ್ರೇಕು! ಬ್ರೇಕು ಅಂದ್ನಲ್ಲಾ!” ಎಂದು ಕಿರುಚಿ ಗಂಟಲು ಕೆಟ್ಟಿದೆ. ಅಮ್ಮನಿಗೆ ಈಗ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಿವಿ ಮಾತ್ರ ಚುರುಕು. ಪಕ್ಕದ ಮನೆಯ ಗಂಡ ಹೆಂಡತಿ ಪಿಸುಗುಟ್ಟಿ ಜಗಳವಾಡಿದರೂ ಮರುದಿನ ಬೆಳಿಗ್ಗೆ ನನಗೆ ವರದಿ ಸಿಗುತ್ತದೆ.

ಈಗ ನಿನ್ನ ವಿನೈಲ್ ರೆಕಾರ್ಡಿನ ವಿಷಯ. ನಮ್ಮ ಬ್ಯಾಂಡಿನ ಕಂಟ್ರಿ ರಾಕ್ ಜೋಡಿ ಆಲ್ಬಂ ಇಷ್ಟು ವರ್ಷಗಳ ಮೇಲೆ ಎರಡು ಕಪ್ಪು ತಟ್ಟೆಗಳಲ್ಲಿ, ನಾಲ್ಕು ಬದಿಯಾಗಿ ಮತ್ತೆ ಬರುತ್ತಿದೆ ಎಂದು ನೀನು ಫೋನ್ ಮಾಡಿದಾಗ ನಾನು ಕುಣಿದಾಡಿದ್ದೆ, ಸುಳ್ಳು ಹೇಳುವುದಿಲ್ಲ. ಬೇಸ್ ಗಿಟಾರ್ ನುಡಿಸಿದವಳು ನಾನು, ವ್ಯಾನ್ ಓಡಿಸಿದವಳು ನಾನು, ನಿನ್ನ ಬೂಟು ಎಲ್ಲಿದೆ ಎಂದು ಹುಡುಕಿದವಳೂ ನಾನೇ. ಆ ಫೋನಿನಲ್ಲೇ ನೀನು ಮೆಲ್ಲಗೆ ಹೇಳಿದೆ, “ಅಕ್ಕಾ, ಒಂದು ಹಾಡು ಬಿಡ್ಬೇಕಾಯ್ತು. ಅಮ್ಮ ಹಾಡಿದ್ದು. ಜಾಗ ಸಾಲಲ್ಲ. ಒಂದೊಂದು ಸೈಡಿಗೆ ಇಷ್ಟೇ ನಿಮಿಷ ಅಂತ ಇರುತ್ತೆ, ಜಾಸ್ತಿ ತುರುಕಿದ್ರೆ ಸೌಂಡೇ ಸತ್ತುಹೋಗುತ್ತೆ.” ಆಗಲಿ, ಮತ್ತೊಮ್ಮೆ ರೆಕಾರ್ಡ್ ಕಂಪನಿಯವರನ್ನು ಕೇಳು ಎಂದೆ ನಾನು. “ನೋಡೋಣ” ಎಂದೆ ನೀನು. ಆ ‘ನೋಡೋಣ’ವನ್ನು ನಾನೊಬ್ಬಳು ದಡ್ಡಿ ಅಮ್ಮನಿಗೆ ‘ಬರುತ್ತೆ’ ಎಂದು ಹೇಳಿಬಿಟ್ಟೆ.

ಪಾರ್ಸೆಲ್ ಬಂದ ದಿನ ಅಮ್ಮ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೂತಳು. ಮೇಲಿನ ಮಹಡಿಯ ನರ್ಸಮ್ಮನನ್ನು ಬೇರೆ ಕರೆಸಿದ್ದಳು. “ನಮ್ಮಗನ ರೆಕಾರ್ಡು ಕಣಮ್ಮಾ, ಅದ್ರಲ್ಲಿ ನಂದೂ ಒಂದಿದೆ” ಎಂದು ಅವಳಿಗೆ ಹೇಳುತ್ತಿದ್ದಳು. ಮೊದಲ ಮೂರು ಬದಿ ಕೇಳಿಸಿಕೊಂಡಳು, ಪಾಪ, ನಿನ್ನ ಗೋಳೆಲ್ಲ ಸಹಿಸಿಕೊಂಡು. “ಈಗ ಬರುತ್ತೆ ನೋಡಮ್ಮಾ” ಎಂದು ಬೆನ್ನು ನೆಟ್ಟಗೆ ಮಾಡಿದಳು. ನಾನು ನಾಲ್ಕನೇ ಬದಿ ತಿರುಗಿಸಿ ಪ್ಲೇಯರಿನ ಮುಳ್ಳು ಇಟ್ಟೆ. ಕರ್‍ರ್ ಎಂದು ಜಾರಿಕೊಂಡು ನಡುವಿಗೆ ಹೋಯಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ದೀಪದ ಕೆಳಗೆ ಹಿಡಿದು ನೋಡಿದರೆ ಆ ಬದಿಯಲ್ಲಿ ಹಾಡೇ ಇಲ್ಲ. ಗಾಜಿನಂತೆ ನುಣ್ಣಗಿದೆ, ಅದರ ಮೇಲೆ ಒಂದು ಚಿತ್ರ ಕೊರೆದಿದ್ದಾರೆ. ಯಾರದ್ದು? ನಿನ್ನದು! ಟೋಪಿ, ಗಡ್ಡ, ಬೂಟು, ಎಲ್ಲಾ ಸಮೇತ!

ಥೂ ನಿನ್ನ. ಜಾಗ ಸಾಲಲಿಲ್ಲವಂತೆ! ಇಡೀ ಒಂದು ಬದಿ ನಿನ್ನ ಗಡ್ಡಕ್ಕೆ ಸಾಲಿತಲ್ಲೋ, ಅಮ್ಮನ ನಾಲ್ಕು ನಿಮಿಷಕ್ಕೆ ಸಾಲಲಿಲ್ಲವೇ? ನಮ್ಮ ಡ್ರಮ್ಮರ್ ದಡಬಡನಿಗೆ ತೋರಿಸಿದೆ. ಅವನು ತಿರುಗಿಸಿ ತಿರುಗಿಸಿ ನೋಡಿ, “ಚೆನ್ನಾಗ್ ಕೊರ್ದಿದಾರೆ, ಹೊಟ್ಟೆ ಮಾತ್ರ ಬಿಟ್ಟಿದಾರೆ” ಎಂದ. ನನಗೆ ನಗು ಬರಲಿಲ್ಲ.

ಆ ಹಾಡು ಹೇಗೆ ಆಯಿತು ಎಂಬುದು ನಿನಗೆ ಮರೆತಿರಬಹುದು. ನಾವು ನಡುಮನೆಯಲ್ಲಿ ರೆಕಾರ್ಡ್ ಮಾಡುತ್ತಿದ್ದೆವು, ಅಮ್ಮ ಒಳಗೆ ಗಿರಾಕಿಗಳ ಬಟ್ಟೆ ಇಸ್ತ್ರಿ ಮಾಡುತ್ತ ನಿನ್ನ ಪಲ್ಲವಿಯನ್ನೇ ಗುನುಗುತ್ತಿದ್ದಳು. ನೀನೇ ಓಡಿಹೋಗಿ ಅವಳ ಮುಂದೆ ಮೈಕ್ ಹಿಡಿದೆ. “ಅಮ್ಮಾ, ಹಾಗೇ ಹಾಡು, ದಮ್ಮಯ್ಯ, ನಿಲ್ಲಿಸ್ಬೇಡ” ಎಂದು ಗೋಗರೆದೆ. ಅವಳು ನಾಚಿಕೊಂಡು, ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೆ ಮರೆತು ಹಾಡಿದಳು. ಅಂಗಿ ಸುಟ್ಟಿತು, ಗಿರಾಕಿ ಬಾಯಿಗೆ ಬಂದಂತೆ ಬೈದ, ಅವಳು ನಗುತ್ತಲೇ ಬೈಸಿಕೊಂಡಳು. ಅವಳು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಆ ಆಲ್ಬಮ್ಮಿನ ಹಳೆಯ ಸಿಡಿ, ನಮ್ಮಲ್ಲಿ ಉಳಿದಿದ್ದ ಒಂದೇ ಒಂದು, ಅವಳ ಹತ್ತಿರವಿತ್ತು; ಅದನ್ನೂ ಕವರಿನ ಫೋಟೋಗೆ ಬೇಕೆಂದು ನೀನು ಒಯ್ದೆ. ಮೂಲ ಟೇಪೂ ನಿನ್ನ ಹತ್ತಿರವೇ ಇದೆ. ಇಂಟರ್‌ನೆಟ್ಟಿನಲ್ಲಿ ಇದ್ದದ್ದನ್ನು ನಿನ್ನ ಕಂಪನಿ ತೆಗೆಸಿದೆ. ಅವಳ ದನಿ ಈಗ ನಿನ್ನ ಕಪಾಟು ಬಿಟ್ಟರೆ ಬೇರೆಲ್ಲೂ ಇಲ್ಲ. ಡಾಕ್ಟರು ಅವಳ ಹೃದಯದ ಬಗ್ಗೆ ಏನು ಹೇಳಿದ್ದಾರೆಂದು ನಿನಗೂ ಗೊತ್ತು. ಆ ಟೇಪ್ ನನಗೆ ಬೇಕು. ಕೊರಿಯರ್ ಬೇಡ, ನೀನೇ ತಂದುಕೊಡು. ತರದಿದ್ದರೆ ವ್ಯಾನ್ ತೆಗೆದುಕೊಂಡು ನಾನೇ ಬರುತ್ತೇನೆ. ನಿನ್ನ ಹೊಸ ಗೆಳೆಯರ ಮುಂದೆ ನಾನು ಬಾಯಿ ತೆರೆದರೆ ಹೇಗಿರುತ್ತದೆ ಎಂಬುದು ನಿನಗೆ ಹೇಳಿಕೊಡಬೇಕಾಗಿಲ್ಲ.

ಹಿರಿಯಳಾಗಿ ಹರಸಲೇಬೇಕಲ್ಲ, ಹರಸುತ್ತೇನೆ. ಮೈ ಕೈ ಗಟ್ಟಿಯಾಗಿರಲಿ. ರೆಕಾರ್ಡು ಚೆನ್ನಾಗಿ ಖರ್ಚಾಗಲಿ. ಕೊಂಡವರೆಲ್ಲ ದಿನಕ್ಕೊಂದು ಸಲ ನಾಲ್ಕನೇ ಬದಿ ಹಾಕಿಕೊಂಡು ಕೇಳಲಿ.

ಬೇರೆ ಗತಿಯಿಲ್ಲದೆ,
ನಿನ್ನ ಅಕ್ಕ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ಮುಳ್ಳು ಕೆಟ್ಟಿದೆ ಎಂದು ಅಮ್ಮನಿಗೆ ಸುಳ್ಳು ಹೇಳಿ ಅವತ್ತು ಹೇಗೋ ಪಾರಾಗಿದ್ದೆ. ಹೋದ ವಾರ ರೇಡಿಯೋದಲ್ಲಿ ನಿನ್ನ ಮಾತುಕತೆ ಬಂತು. ಅಮ್ಮ ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಳೆಯ ಆಲ್ಬಮ್ಮಿನ ಒಂದು ಹಾಡು ಇದರಲ್ಲಿ ಯಾಕಿಲ್ಲ ಎಂದು ರೇಡಿಯೋದವರು ಕೇಳಿದರು. ನೀನು ನಕ್ಕೆ. “ಅಯ್ಯೋ, ಅದ್ರಲ್ಲಿ ಮನೆಯವ್ರೊಬ್ರು ಶ್ರುತಿ ತಪ್ಪಿ ಹಾಡಿದ್ರು. ಜನ ನಗ್ತಾರೆ ಅಂತ ಆಗ ನಂಗೆ ಹೊಳೀಲೇ ಇಲ್ಲ” ಎಂದೆ. ಅಮ್ಮನೂ ನಿನ್ನ ಜೊತೆ ಸ್ವಲ್ಪ ನಕ್ಕಳು. ಆಮೇಲೆ ತಡಕಾಡಿ ರೇಡಿಯೋ ಆರಿಸಿ, “ಸರಿಯಾಗೇ ಮಾಡ್ದ ಬಿಡು. ಅವ್ನಿಗೆ ಬೈದು ಬರೀಬೇಡ ಕಣೇ” ಎಂದಳು. ಅವತ್ತಿನಿಂದ ಗುನುಗುವುದನ್ನು ನಿಲ್ಲಿಸಿದ್ದಾಳೆ. ನಿನ್ನೆ ಬಟ್ಟೆ ಮಡಿಸುವಾಗ ಹೇಗೋ ಒಂದು ಸಾಲು ಬಾಯಿಗೆ ಬಂತು. ತಟ್ಟನೆ ತಡೆದುಕೊಂಡು, ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದಳು, “ಬಾಗ್ಲು ಹಾಕಿದ್ಯೇನೇ?”