ಎರಡನೆಯ ಬ್ಯಾಟರಿಯ ದೀಪ

ಬುಧವಾರ, ಬೆಳಗ್ಗೆ

ನನ್ನ ಕೂಸೇ, ಚೆನ್ನಾಗಿದ್ದೀಯಾ?

ದೋಣಿ ಕೊಳ್ಳುವವರು ಸಿಕ್ಕಿದ್ದಾರೆ, ಭಾನುವಾರ ಕರೆತರುತ್ತೇನೆ ಎಂದು ಬರೆದಿದ್ದೀಯ. ಕರೆತರಬೇಡ. ಮುದುಕಿಯ ಹಟ ಅಂದುಕೊಳ್ಳಬೇಡ, ಕಾರಣವಿದೆ. ಓದಿ ನಗಲೂಬೇಡ.

ನಿನ್ನಪ್ಪನ ದೋಣಿಯಲ್ಲಿರುವ ಆ ಕೆಂಪು ತಿರುಗುಗುಂಡಿ ನಿನಗೆ ನೆನಪಿರಬೇಕು. ಒಂದು, ಎರಡು, ಎರಡೂ ಸೇರಿ, ಬಂದ್. ಮೊದಲನೆಯ ಬ್ಯಾಟರಿ ಎಂಜಿನ್ ಚಾಲೂ ಮಾಡುವುದಕ್ಕೆ, ಎರಡನೆಯದು ದೀಪಕ್ಕೆ, ರೇಡಿಯೊಗೆ. ಎಂಜಿನ್ ನಿಲ್ಲಿಸಿ ಗಾಳ ಹಾಕಿ ಕೂತಾಗ ಗುಂಡಿ ಎರಡರಲ್ಲಿರಬೇಕು, ಒಂದನ್ನು ಮುಟ್ಟಬಾರದು, ಅದು ಮನೆಗೆ ಮರಳುವುದಕ್ಕೆ ಕಟ್ಟಿಟ್ಟ ಬುತ್ತಿ ಎಂದು ಊಟಕ್ಕೆ ಕೂತಾಗಲೂ ಪಾಠ ಹೇಳುತ್ತಿದ್ದರು. ಹಾಗೆ ಹೇಳಿದವರೇ ಆ ದಿನ ಎರಡೂ ಸೇರಿಸಿಟ್ಟು ರೇಡಿಯೊ ಕೇಳುತ್ತಾ ಕೂತರು. ಬ್ಯಾಟರಿಗಳೆರಡೂ ಬರಿದಾದವು, ಎಂಜಿನ್ ಚಾಲೂ ಆಗಲಿಲ್ಲ, ಗಾಳಿ ಎದ್ದಿತು. ನಮಗೆ ದೋಣಿ ಮಾತ್ರ ಸಿಕ್ಕಿತು, ಗುಂಡಿ ಎರಡೂ ಸೇರಿದಲ್ಲೇ ಇತ್ತು. ಊರಿಗೆಲ್ಲ ಬುದ್ಧಿ ಹೇಳಿದವರು ತಾವೇ ಮರೆತರಲ್ಲ ಎಂದು ನನಗೆ ಇನ್ನೂ ಸಿಟ್ಟಿದೆ.

ಈಗ ಕೇಳು. ಮನೆಯೆದುರು ದಂಡೆಗೆ ಕಟ್ಟಿರುವ ದೋಣಿಯನ್ನು ನೋಡಿಕೊಳ್ಳುವ ಮೆಕ್ಯಾನಿಕ್ ಸಂಜೆ ಬ್ಯಾಟರಿ ಚಾರ್ಜ್ ಮಾಡಿ, ಗುಂಡಿಯನ್ನು ಬಂದ್‌ಗೆ ತಿರುಗಿಸಿ ಹೋಗುತ್ತಾನೆ. ಬೆಳಗ್ಗೆ ಬಂದು ನೋಡಿದರೆ ಅದು ಎರಡರಲ್ಲಿರುತ್ತದೆ. ದೀಪ ಉರಿಯುತ್ತಿರುವುದು ನನ್ನ ಅಡುಗೆಮನೆಯ ಕಿಟಕಿಗೇ ಕಾಣುತ್ತದೆ. ಯಾರೋ ಕಿಡಿಗೇಡಿಗಳು ಮಾಡ್ತಿದ್ದಾರಮ್ಮ ಅಂದ. ಕಿಡಿಗೇಡಿಗಳಿಗೆ ಒಂದನ್ನು ಉಳಿಸಬೇಕೆಂಬ ಜ್ಞಾನ ಎಲ್ಲಿಂದ ಬರಬೇಕು?

ಅವರೇ ಬರುತ್ತಾರೆ, ಮಗಳೇ. ಆ ದಿನದ ತಪ್ಪನ್ನು ತಿದ್ದುತ್ತಿದ್ದಾರೆ. ನನಗೆ ಭಯವಾಗುತ್ತದೆ, ಸಮಾಧಾನವೂ ಆಗುತ್ತದೆ. ದೋಣಿ ಮಾರಿಬಿಟ್ಟರೆ ಅವರು ಬಂದು ಎಲ್ಲಿ ಕೂರಬೇಕು? ನೀರು ಕಂಡರೆ ಕಾಲು ನಡುಗುವ ನಾನಂತೂ ಮದುವೆಯಾದಾಗಿನಿಂದ ಅದನ್ನು ಹತ್ತಿದವಳಲ್ಲ.

ಕನ್ನಡಕ ಎಲ್ಲೋ ಇಟ್ಟು ಮರೆತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈಚೆಗೆ ನಿದ್ದೆ ಚೆನ್ನಾಗಿ ಬರುತ್ತಿದೆ, ಎದ್ದಾಗ ಮಾತ್ರ ಮೈಕೈ ನೋವು. ವಯಸ್ಸಾಯಿತಲ್ಲ. ನೀನು ಕೆಲಸ ಬಿಟ್ಟು ಓಡಿ ಬರುವಂಥದ್ದೇನೂ ಇಲ್ಲ.

ನಿನ್ನದೇ ಯೋಚನೆಯಲ್ಲಿರುವ,
ಅಮ್ಮ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಮೆಕ್ಯಾನಿಕ್ ಬಂದು ನನ್ನ ಕನ್ನಡಕ ಕೊಟ್ಟು ಹೋದ. ದೋಣಿಯೊಳಗೆ, ಆ ಗುಂಡಿಯ ಪಕ್ಕದಲ್ಲಿ ಮಡಚಿ ಇಟ್ಟಿತ್ತಂತೆ. ನಾನು ಹತ್ತಿದ್ದು ನನಗೆ ನೆನಪೇ ಇಲ್ಲ. ಕೊಳ್ಳುವವರ ಮಾತು ಆಮೇಲೆ. ಇದು ಕೈಗೆ ಸಿಕ್ಕಿದ ಕೂಡಲೇ ಹೊರಟು ಬಾ. ಬಂದ ಮೇಲೆ ನನ್ನ ಪಕ್ಕದಲ್ಲೇ ಮಲಗು, ಬಾಗಿಲ ಕಡೆಗೆ ನೀನು ಮಲಗು.