ಒಂದೇ ಸಲ ಕೇಳಿದ ಕಾಫಿ

ಹಾಫ್‌ಮನ್ ಎಸ್ಟೇಟ್ಸ್, ಅಮೆರಿಕ
15 ಏಪ್ರಿಲ್ 2025, ಮಂಗಳವಾರ

ಚಿರಂಜೀವಿ ಇಳಾ,

ನಿನಗೂ ಅರ್ಹಾನನಿಗೂ ಪುಟ್ಟ ಮೊಮ್ಮಗಳು ಹಾದಿಯಾಳಿಗೂ ಅಪ್ಪನ ಹಾರೈಕೆಗಳು. ಲಕೋಟೆಯ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಕ್ಷೇಮ. ಪತ್ರ ಆರು ವರ್ಷ ತಡವಾಯಿತು. ‘ಕ್ಷಮಿಸು’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಬರೆದಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಾಟಕ ಕಂಪನಿಯ ಬಣ್ಣದ ಮನೆಯಲ್ಲಿ ತೊಟ್ಟಿಲು ಕಟ್ಟಿಸಿಕೊಂಡು ಬೆಳೆದವನ ಗಂಟಲು ನಿನಗೆ ಗೊತ್ತಲ್ಲ! ಹಲೋ ಅನ್ನುವಷ್ಟರಲ್ಲಿ ರಾಜಪಾರ್ಟಿನ ಎತ್ತರಕ್ಕೆ ಏರಿಬಿಡುತ್ತದೆ. ಕಾಗದವಾದರೆ ನನ್ನನ್ನು ಸ್ವಲ್ಪ ಕೆಳಗೆ ಕೂರಿಸುತ್ತದೆ.

ಅರ್ಹಾನನನ್ನು ಮದುವೆಯಾದ ಮೇಲೆ ನೀನು ಈ ಮನೆಯ ಮೆಟ್ಟಿಲು ಹತ್ತಿಲ್ಲ. ಜೂನ್‌ನಲ್ಲಿ ನಿನ್ನ ತಂಗಿಯ ಮದುವೆಗೂ ಬರುವುದಿಲ್ಲ ಎಂದಿದ್ದೀಯೆ. ಅಮ್ಮ ನನಗೆ ಹೇಳಿದ್ದಲ್ಲ. ಅವಳು ಗ್ಯಾರೇಜಿನಲ್ಲಿ ಕಾರೊಳಗೆ ಕೂತು ನಿನ್ನ ಜೊತೆ ಮಾತಾಡುತ್ತಾಳೆ, ನನಗೆ ಕೇಳಿಸುವುದಿಲ್ಲ ಎಂದುಕೊಂಡು. ಅಡುಗೆಮನೆಯ ಗೋಡೆ ಬಹಳ ತೆಳುವಮ್ಮ. ನೀನು ಬರಬೇಕು, ಅದಕ್ಕೇ ಈ ಕಾಗದ. ಆದರೆ ಮೊದಲು ಶನಿವಾರದ ಕಥೆ ಕೇಳು.

ಧೃತಿ ಮದುವೆಯಾಗಲಿರುವ ಕೀರನ್‌ನ ತಾಯಿ ನೋರೀನ್ ಐರ್ಲೆಂಡಿನಿಂದ ಬಂದಿದ್ದಾರೆ. ಅವರು ನಮ್ಮ ಮನೆಗೆ ಬರುವುದು ಅದೇ ಮೊದಲು. ನಾನೂ ನಲವತ್ತು ವರ್ಷ ಎಂಜಿನಿಯರ್ ಆಗಿದ್ದವನೇ, ನೂರು ಜನರ ಕೈ ಕುಲುಕಿದವನೇ; ಆದರೂ ಧೃತಿಗೆ ನಂಬಿಕೆಯಿಲ್ಲ. ಒಂದು ವಾರ ಮೊದಲೇ ತಾಲೀಮು ಶುರು ಮಾಡಿದಳು.

“ಅಪ್ಪಾ, ಲಿಸನ್. ಹ್ಯಾಂಡ್‌ಶೇಕ್ ಮಾತ್ರ. ಕಣ್ಣು ನೋಡು, ಗಟ್ಟಿಯಾಗಿ ಹಿಡಿ, ಬಿಟ್ಬಿಡು. ನೋ ಹಗ್ಗಿಂಗ್. ಮೇಡಂ ಗೀಡಂ ಬೇಡ, ಜಸ್ಟ್ ನೋರೀನ್. ‘ಹೌ ಆರ್ ಯು’ ಅಂದ್ರೆ ನಿನ್ನ ಮಂಡಿ ಆಪರೇಷನ್ ಕಥೆ ಹೇಳೋ ಹಾಗಿಲ್ಲ.”

“ಮತ್ತೆ ಏನ್ ಮಾತಾಡ್ಲೇ?”

“ವೆದರ್! ವೆದರ್ ಬಗ್ಗೆ ಎಷ್ಟ್ ಬೇಕಾದ್ರೂ ಮಾತಾಡು. ಆಮೇಲೆ, ಮೋಸ್ಟ್ ಇಂಪಾರ್ಟೆಂಟ್, ತಿನ್ನಿ ತಿನ್ನಿ ಅಂತ ಫೋರ್ಸ್ ಮಾಡ್ಬೇಡಿ. ನೋ ಅಂದ್ರೆ ನೋ.”

ನಿನ್ನ ಅಮ್ಮನೇ ನೋರೀನ್ ಪಾತ್ರ. ನೈಟಿಯ ಮೇಲೆ ನನ್ನ ಕೋಟು ಹಾಕಿಕೊಂಡು ಮುಂಬಾಗಿಲಿನಿಂದ ಹದಿನಾಲ್ಕು ಸಲ ಪ್ರವೇಶ ಮಾಡಿದಳು. “ನಿಧಾನಾ ರೀ, ಇದು ಕೈ, ಗದೆ ಅಲ್ಲ!” ಎಂದು ಅವಳು ಕಿರುಚಿದ್ದಕ್ಕೆ ಎದುರುಮನೆಯವರು ನಾಯಿ ಸಮೇತ ನಿಂತು ನೋಡಿದರು.

ಶನಿವಾರ ಪರದೆ ಎದ್ದಿತು! ಹೊರಗೆ ನಲವತ್ತೊಂದು ಡಿಗ್ರಿ ಫ್ಯಾರನ್‌ಹೀಟ್ ಚಳಿ, ಮುಖ ಕೊಯ್ಯುವ ಗಾಳಿ. ಬಾಗಿಲಲ್ಲಿ ಕೀರನ್ ಪಕ್ಕ ಗುಬ್ಬಿಯಂಥ ಹೆಂಗಸು, ಬಿಳಿ ಕ್ರಾಪು, ಕೈಯಲ್ಲಿ ಬಟ್ಟೆ ಸುತ್ತಿದ ಬಿಸಿ ಬ್ರೆಡ್ಡು. ಕೈ ನೀಡಿದೆ. ಒಂದು, ಎರಡು, ಬಿಡುಗಡೆ! ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ, “ಇದು ಗಾಳಿಯಲ್ಲ ದ್ವಾರಕ, ಕಳ್ಳ. ನೇರ ಕೋಟಿನ ಜೇಬಿಗೇ ಕೈ ಹಾಕುತ್ತೆ” ಎಂದರು. ಇಪ್ಪತ್ತು ನಿಮಿಷ ಗಾಳಿಯದೇ ಮಾತು. ಧೃತಿ ಸೋಫಾದ ಹಿಂದಿನಿಂದ ಹೆಬ್ಬೆರಳು ಎತ್ತಿ ತೋರಿಸಿದಳು.

ಆಗ ಅಮ್ಮ ಕೇಳಿದಳು, ಕಾಫಿ? ನೋರೀನ್ ಎರಡೂ ಕೈ ಆಡಿಸಿ, “ಬೇಡ, ಬೇಡ, ನನಗೋಸ್ಕರ ಏನೂ ತೊಂದರೆ ತಗೋಬೇಡಿ” ಎಂದರು. ಅಮ್ಮ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ನಾನು ಕಣ್ಣಲ್ಲೇ ತಡೆದೆ. ನೋ ಅಂದರೆ ನೋ! ಕೋಡುಬಳೆಯ ತಟ್ಟೆಯೂ ಹಾಗೇ ಬಂದು ಹಾಗೇ ಒಳಗೆ ಹೋಯಿತು. ಒಂದೂವರೆ ಗಂಟೆ. ಆಕೆಯ ಗಂಟಲು ಒಣಗಿ ಕೆಮ್ಮು ಬಂತು. ಗಾಳಿಯ ಮಾತು ಮುಗಿಯಿತು, ಬೇರೆ ಮಾತು ಹುಟ್ಟಲಿಲ್ಲ. ಮುಖ ಸಣ್ಣದಾಗುತ್ತಾ ಹೋಯಿತು. ಕೊನೆಗೆ ಮಗನ ಕಿವಿಯಲ್ಲಿ ಏನೋ ಹೇಳಿ ಕೋಟು ಕೇಳಿದರು.

ಧೃತಿ ಬಿಳಿಚಿಕೊಂಡು ನಮ್ಮಿಬ್ಬರನ್ನೂ ಅಡುಗೆಮನೆಗೆ ಎಳೆದುಕೊಂಡು ಬಂದಳು. “ಅಪ್ಪಾ, ಶಿ ಥಿಂಕ್ಸ್ ವಿ ಡೋಂಟ್ ವಾಂಟ್ ದೆಮ್.” ಹಿಂದೆಯೇ ಬಂದ ಕೀರನ್, ಪಾಪ, ತಲೆ ಕೆರೆದುಕೊಳ್ಳುತ್ತಾ ಬಿಡಿಸಿ ಹೇಳಿದ. ತನ್ನ ಅಮ್ಮನ ಊರಲ್ಲಿ ಮೊದಲ ಸಲಕ್ಕೇ ಹೂಂ ಅಂದರೆ ಹೊಟ್ಟೆಬಾಕತನವಂತೆ. ಎರಡನೇ ಸಲವೂ ಬೇಡವೆನ್ನಬೇಕು. ಮೂರನೇ ಸಲ ಒಪ್ಪಿಕೊಳ್ಳಬೇಕು. ಮನೆಯವರು ಒಂದೇ ಸಲ ಕೇಳಿ ಬಿಟ್ಟರೆ, ಇನ್ನು ಎದ್ದು ಹೊರಡಿ ಎಂದ ಹಾಗಂತೆ.

“ಅಯ್ಯೋ, ಇವರು ನಮ್ಮೂರ ಒಂಟಿಕೊಪ್ಪಲಿನವರೇ ಅಲ್ವೇನ್ರೀ!” ಎಂದಳು ನಿನ್ನ ಅಮ್ಮ. “ಇವಳ ಮಾತು ಕೇಳಿ ನಾನೂ ಬಾಯಿ ಮುಚ್ಕೊಂಡು ನಿಂತೆನಲ್ಲ, ನನ್ನ ಬುದ್ಧಿಗಿಷ್ಟು!” ಲೋಟ ಹಿಡಿದು ಹಾಲ್‌ಗೆ ನುಗ್ಗಿದಳು. ಅರ್ಧ ತೋಳು ಕೋಟಿನಲ್ಲಿದ್ದ ನೋರೀನ್ ಅವರನ್ನು ಭುಜ ಹಿಡಿದು ಕೂರಿಸಿ, ಕನ್ನಡದಲ್ಲೇ ಗದರಿದಳು: “ಅರ್ಧ ಲೋಟ. ತಗೋಳೇಬೇಕು. ನನ್ನಾಣೆ!”

“ಹಾಗಾದರೆ... ಚೂರೇ ಚೂರು” ಎಂದರು ಆಕೆ. ಎರಡು ಲೋಟ ಕುಡಿದರು. ಏಳು ಕೋಡುಬಳೆ! ನಾನೂ ಎದ್ದು ನಿಂತು ನನ್ನ ಮಂಡಿ ಆಪರೇಷನ್ನನ್ನು ಮೂರು ಅಂಕಗಳಲ್ಲಿ ಅಭಿನಯಿಸಿದೆ. ಆಕೆ ತಮ್ಮ ಸೊಂಟದ ಆಪರೇಷನ್ ಹೇಳಿ ನನ್ನನ್ನು ಮೀರಿಸಿಬಿಟ್ಟರು. ಹೊರಡುತ್ತೇವೆ ಎಂದ ಮೇಲೆ ಬಾಗಿಲಲ್ಲಿ ನಿಂತು ನಲವತ್ತು ನಿಮಿಷ ಮಾತಾಯಿತು.

ಹೋಗುವಾಗ ನನ್ನ ಕೈ ಹಿಡಿದು, ತಾಲೀಮಿನಲ್ಲಿದ್ದಂತೆ ಬಿಡದೆ, ಮೆಲ್ಲಗೆ ಹೇಳಿದರು: “ಆ ಒಂದೂವರೆ ಗಂಟೆ, ನನ್ನ ಮಗ ನಿಮಗೆ ಬೇಡವೇನೋ ಅಂದುಕೊಂಡಿದ್ದೆ ದ್ವಾರಕ. ನೀವು ಕೆಟ್ಟದ್ದೇನೂ ಅನ್ನಲಿಲ್ಲ. ನನಗೆ ಭಯವಾಗಿದ್ದೇ ಅದಕ್ಕೆ.”

ಕೋಟೂ ಹಾಕಿಕೊಳ್ಳದೆ ಆ ಗಾಳಿಯಲ್ಲಿ ಅವರನ್ನು ಕಾರಿನವರೆಗೆ ಬಿಟ್ಟುಬಂದೆ. ಧೃತಿ ಇಂದಿಗೂ ಆಶ್ಚರ್ಯಪಡುತ್ತಿದ್ದಾಳೆ.

ಮದುವೆ ಸೀರೆಗೆಂದು ಭಾನುವಾರ ಅಮ್ಮ ಡೆವನ್ ರಸ್ತೆಯ ಇಂಡಿಯನ್ ಅಂಗಡಿಗಳಿಗೆ ಹೋಗಿದ್ದಳು. ಎರಡು ತಂದಿದ್ದಾಳೆ, ಒಂದು ನಿನ್ನ ಮೆಚ್ಚಿನ ಎಲೆಹಸಿರು. ಯಾರಿಗೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ನೀನು ಚೆನ್ನಾಗಿರು ಮಗಳೇ. ನಿನ್ನ ಮನೆಯಲ್ಲಿ ನಗು ತುಂಬಿರಲಿ. ಹಾದಿಯಾಳ ಗಂಟಲು ನನ್ನದೇ ಎಂದು ಗ್ಯಾರೇಜಿನ ಮೂಲಕ ತಿಳಿಯಿತು. ಅವಳಿಗೆ ಯಾರೂ ‘ಮೆಲ್ಲಗೆ ಮಾತಾಡು’ ಎನ್ನದಿರಲಿ.

ಇಂತಿ ನಿನ್ನ
ಅಪ್ಪ, ದ್ವಾರಕಾನಾಥ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಧೈರ್ಯ ಬರಲಿಲ್ಲ.

ಅರ್ಹಾನ್ ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಿನಗೆ ನೆನಪಿದೆ. ‘ನಾನು ಆ ಹುಡುಗನಿಗೆ ಒಂದೇ ಒಂದು ಕೆಟ್ಟ ಮಾತಾಡಲಿಲ್ಲ’ ಎಂದು ಆರು ವರ್ಷದಿಂದ ಎಲ್ಲರೆದುರೂ ಹೇಳಿಕೊಂಡು ಬಂದಿದ್ದೇನೆ. ನಿಜವೇ. ಅಮ್ಮ ಹಾಲು ಕಾಯಿಸುತ್ತಿದ್ದಳು. ಕಾಫಿ ಕುಡೀತೀಯಾ ಎಂದೆ. “ಬ್ಯಾಡ್ರಿ ಅಂಕಲ್, ಈಗಷ್ಟ ಕುಡದು ಬಂದೀನ್ರಿ” ಎಂದ. ಗದಗಿನ ಹುಡುಗ, ಮೊದಲ ಸಲ ಹೋದ ಮನೆಯಲ್ಲಿ, ಹಿರಿಯರೆದುರು, ಬೇರೆ ಹೇಗೆ ಹೇಳಬೇಕಿತ್ತು? ನಾನು ಒಳಗೆ ತಿರುಗಿ, “ಪದ್ಮಾ, ಸ್ಟವ್ ಆರಿಸು” ಎಂದೆ. ನಿನ್ನ ಮುಖ ನೋಡಿದೆ. ನೋಡಿಯೂ ಪೇಪರ್ ಬಿಡಿಸಿಕೊಂಡು ಕೂತೆ.

ನೋರೀನ್ ವಿಷಯದಲ್ಲಿ ನನಗೆ ಗೊತ್ತಿರಲಿಲ್ಲ ಇಳಾ. ಅವನ ವಿಷಯದಲ್ಲಿ ಗೊತ್ತಿತ್ತು.

ಇಪ್ಪತ್ತಾರರ ಶನಿವಾರ ನಾನೂ ಅಮ್ಮನೂ ಡಿಯರ್‌ಬಾರ್ನ್‌ಗೆ, ನಿಮ್ಮ ಮನೆಗೆ ಹೊರಡುತ್ತೇವೆ. ಮುನ್ನೂರು ಮೈಲಿ, ಡ್ರೈವ್ ಮಾಡುವುದು ನಾನೇ. ಅರ್ಹಾನನಿಗೆ ನನ್ನ ಪರವಾಗಿ ಏನೂ ಹೇಳಬೇಡ, ಬಾಗಿಲು ಅವನೇ ತೆಗೆಯಲಿ. ಒಳಗೆ ಕರೆಯದಿದ್ದರೆ ತಪ್ಪು ಅವನದಲ್ಲ. ನಿಮ್ಮೂರಿನ ಹೈವೇ ಎಕ್ಸಿಟ್ ಹತ್ತಿರದ ಮೋಟೆಲಿನಲ್ಲಿ ಎರಡು ದಿನಕ್ಕೆ ರೂಮ್ ಬುಕ್ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಮತ್ತೆ ಬಂದು ಬೆಲ್ ಒತ್ತುತ್ತೇನೆ.