ಸೀಳಿದ ರಬ್ಬರ್ ಪೈಪು

ಭಾವ,

ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಗಡಗಡ ನಡುಗುತ್ತಿದ್ದ ನನ್ನ ಹಳೇ ಕಾರು ಇವತ್ತು ಸರಿಹೋಯಿತು. ಕಾರ್ಬುರೇಟರಿನ ಹಿಂದಿನ ಬೆರಳುದ್ದದ ರಬ್ಬರ್ ಪೈಪು ಸೀಳಿ, ಗಾಳಿ ಎಳೆಯುತ್ತಿತ್ತು. ಹೊಸ ತುಂಡು ಸಿಕ್ಕಿಸಿದೆ, ಅಷ್ಟೇ. ಹಳೆಯದು ಶಾಖಕ್ಕೆ ಒಣಗಿ ತಾನಾಗಿಯೇ ಬಿರಿದಿತ್ತು. ಸರ್ವಿಸಿಗೆ ಬಿಚ್ಚಿದಾಗ ನೀವು ಮುಟ್ಟಿದ್ದರಿಂದಲ್ಲ.

ಅಂದು ನೀವು ನಿಮ್ಮ ಗ್ಯಾರೇಜಿನಿಂದ ಒಬ್ಬರೇ ನೇರವಾಗಿ ನಮ್ಮನೆಗೆ ಬಂದು, "ಪೈಪ್ ಸೀಳಿರ್ಬೇಕು, ಒಂದ್ಸಲ ನೋಡ್ತೀನಿ ಕಣಯ್ಯಾ" ಎಂದಿರಿ. ನಾನು ಬೀದಿಯವರೆಲ್ಲರೆದುರೇ, "ಕೆಡಿಸಿದ್ದೇ ನೀವು, ಇನ್ನು ಮುಟ್ಬೇಡಿ" ಎಂದೆ. ಕೈ ಒರೆಸಿಕೊಂಡು ಹೊರಟ ನೀವು ಮತ್ತೆ ನಮ್ಮನೆ ಮೆಟ್ಟಿಲು ಹತ್ತಲಿಲ್ಲ. ನಾನು ನಿಮ್ಮ ಮನೆಗೆ ಬಂದದ್ದು ನಿಮ್ಮ ಹೆಣ ನೋಡಲು.

ಇವತ್ತು ನಿಮ್ಮ ಮನೆ ಮುಂದೆ ಕಾರು ನಿಲ್ಲಿಸಿದಾಗ ಇಂಜಿನ್ ಸದ್ದು ಕೇಳಿ ಅಕ್ಕ ಹೊರಬಂದಳು.

"ಎಷ್ಟು ಮೆತ್ತಗೆ ಓಡ್ತಿದೆ! ಏನಾಗಿತ್ತೋ?"

"ಏನೋ ಸಣ್ಣದು, ಬಿಡಕ್ಕಾ."

"ಅವರಿದ್ದಿದ್ರೆ ಒಂದೇ ನಿಮಿಷದಲ್ಲಿ ಹೇಳ್ತಿದ್ರು."

ನೀವು ಹೇಳಿದ್ದಿರಿ, ಭಾವ. ನಾನು ಸೀಳಿದ ಪೈಪನ್ನು ಜೇಬಿಗೆ ತುರುಕಿ ಇಂಜಿನ್ ಆರಿಸಿದೆ.